ಅಮೆರಿಕದ ಬಡವರ ದಿನಸಿಯೂ ಅದಕ್ಕೆ ಕತ್ತರಿ ಹಾಕುವ ಲಾಬಿಯೂ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ 2024ರಲ್ಲಿ ಪ್ರತಿ ತಿಂಗಳು ಸುಮಾರು 4.2 ಕೋಟಿ ಜನ ‘ಸ್ನ್ಯಾಪ್’ ಎಂಬ ಸರ್ಕಾರಿ ಆಹಾರ ನೆರವಿನಿಂದ ದಿನಸಿ ಕೊಳ್ಳುತ್ತಿದ್ದರು. ಎಂಟು ಜನರಲ್ಲಿ ಒಬ್ಬರು ಎಂದ ಹಾಗಾಯಿತು. ಈ ನೆರವಿಗೆ ಷರತ್ತು ಹೆಚ್ಚಿಸಬೇಕು, ಪಡೆಯುವವರ ಸಂಖ್ಯೆ ಇಳಿಸಬೇಕು ಎಂದು ಹಣಬಲವಿರುವ ಕೆಲವು ಸಂಘಟನೆಗಳು ಬಹಳ ವರ್ಷಗಳಿಂದ ಶಾಸನಸಭೆಗಳಲ್ಲಿ ಕೆಲಸ ಮಾಡುತ್ತಿವೆ. 2025ರ ಜುಲೈನಲ್ಲಿ ಅವುಗಳ ಹಲವು ಹಳೆಯ ಬೇಡಿಕೆಗಳು ಕಾನೂನಾದವು. ಈ ವಿಷಯ ಬಂದಾಗಲೆಲ್ಲ ಓದುಗರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಲಾಗಿದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಹಸಿವನ್ನು ಶಿಸ್ತು ಕಲಿಸುವ ಸಾಧನವಾಗಿ ಬಳಸುವುದು ತಪ್ಪು. ಆದರೆ ಎದುರು ಪಕ್ಷದ ವಾದದಲ್ಲಿ ಹುರುಳಿರುವ ಕಡೆ ಅದನ್ನೂ ಹೇಳಿದ್ದೇನೆ.

ಸ್ನ್ಯಾಪ್ ಎಂದರೇನು? ಅದು ನಮ್ಮ ರೇಷನ್ ಕಾರ್ಡಿನ ಹಾಗೆಯೇ?

ಉದ್ದೇಶ ಒಂದೇ, ವಿಧಾನ ಬೇರೆ. ನಮ್ಮಲ್ಲಿ ನ್ಯಾಯಬೆಲೆ ಅಂಗಡಿಗೆ ಹೋಗಿ ಅಕ್ಕಿ, ರಾಗಿ ತರುತ್ತೇವೆ. ಅಲ್ಲಿ ಸರ್ಕಾರ ಧಾನ್ಯ ಕೊಡುವುದಿಲ್ಲ. ಫಲಾನುಭವಿಗೆ ಡೆಬಿಟ್ ಕಾರ್ಡಿನಂತಹ ಒಂದು ಕಾರ್ಡ್ ಕೊಟ್ಟು, ತಿಂಗಳಿಗೊಮ್ಮೆ ಅದಕ್ಕೆ ಹಣ ತುಂಬುತ್ತದೆ. ಆ ಕಾರ್ಡನ್ನು ಸಾಮಾನ್ಯ ದಿನಸಿ ಅಂಗಡಿಯಲ್ಲಿ, ಸೂಪರ್ ಮಾರ್ಕೆಟ್‌ನಲ್ಲಿ, ಅನೇಕ ಕಡೆ ರೈತರ ಸಂತೆಯಲ್ಲೂ ಬಳಸಬಹುದು. ಮದ್ಯ, ತಂಬಾಕು, ಔಷಧಿ, ಸೋಪು, ಮಗುವಿನ ಡೈಪರ್ ಇವುಗಳನ್ನು ಕೊಳ್ಳುವಂತಿಲ್ಲ. ಬಿಸಿಯಾದ ಸಿದ್ಧ ಆಹಾರವನ್ನೂ ಸಾಮಾನ್ಯವಾಗಿ ಕೊಳ್ಳುವಂತಿಲ್ಲ. ಅಂಗಡಿಯಲ್ಲಿ ಸುಟ್ಟ ಕೋಳಿ ಬಿಸಿಯಾಗಿದ್ದರೆ ಕಾರ್ಡ್ ನಡೆಯುವುದಿಲ್ಲ, ಅದೇ ಕೋಳಿಯನ್ನು ತಣ್ಣಗಾಗಿಸಿ ಮಾರಿದರೆ ನಡೆಯುತ್ತದೆ. ಒಲೆ ಇಲ್ಲದೆ ರಸ್ತೆಬದಿಯಲ್ಲಿ ಮಲಗುವವನಿಗೆ ಈ ನಿಯಮ ಎಷ್ಟು ಕಷ್ಟ ಕೊಡುತ್ತದೆ ಎಂದು ಊಹಿಸಿಕೊಳ್ಳಿ.

ನೆರವಿನ ಹಣವನ್ನೆಲ್ಲ ಈವರೆಗೆ ಕೇಂದ್ರವೇ ಭರಿಸುತ್ತಿತ್ತು. ಅರ್ಜಿ ಪಡೆದು, ಪರಿಶೀಲಿಸಿ, ಕಾರ್ಡ್ ಕೊಡುವ ಕೆಲಸ ರಾಜ್ಯಗಳದು. ಆಡಳಿತದ ಖರ್ಚನ್ನು ಇಬ್ಬರೂ ಅರ್ಧರ್ಧ ಹಂಚಿಕೊಳ್ಳುತ್ತಿದ್ದರು. ಈ ಹಂಚಿಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಾರಿಗೆ ಸಿಗುತ್ತದೆ, ಎಷ್ಟು ಸಿಗುತ್ತದೆ?

ಸಾಮಾನ್ಯ ನಿಯಮದಂತೆ, ಕುಟುಂಬದ ಒಟ್ಟು ಆದಾಯ ಬಡತನ ರೇಖೆಯ ಶೇ 130ರ ಒಳಗಿರಬೇಕು. 2024ರಲ್ಲಿ ಒಬ್ಬರಿಗೆ ತಿಂಗಳಿಗೆ ಸರಾಸರಿ 187 ಡಾಲರ್ ಸಿಗುತ್ತಿತ್ತು. ದಿನಕ್ಕೆ ಲೆಕ್ಕ ಹಾಕಿದರೆ ಆರು ಡಾಲರ್ ಚಿಲ್ಲರೆ, ಮೂರು ಹೊತ್ತಿನ ಊಟಕ್ಕೆ. ಆ ದೇಶದ ದಿನಸಿ ಬೆಲೆ ಗೊತ್ತಿರುವವರಿಗೆ ಇದು ಎಷ್ಟು ಬಿಗಿಯಾದ ಮೊತ್ತವೆಂದು ಬಿಡಿಸಿ ಹೇಳಬೇಕಾಗಿಲ್ಲ. ತಿಂಗಳ ಕೊನೆಯ ವಾರ ಕಾರ್ಡ್ ಖಾಲಿಯಾಗಿರುವುದೇ ಹೆಚ್ಚು.

ಪಡೆಯುವವರಲ್ಲಿ ಹತ್ತರಲ್ಲಿ ಸುಮಾರು ನಾಲ್ವರು ಮಕ್ಕಳು. ಐವರಲ್ಲಿ ಒಬ್ಬರು ವೃದ್ಧರು. ಉಳಿದವರಲ್ಲಿ ಅಂಗವಿಕಲರು ಒಂದಷ್ಟು ಜನ, ಕಡಿಮೆ ಕೂಲಿಗೆ ದುಡಿಯುವವರು ಒಂದಷ್ಟು ಜನ. ರಾಜಕೀಯ ಭಾಷಣಗಳಲ್ಲಿ ಮತ್ತೆ ಮತ್ತೆ ಬರುವ ‘ಕೆಲಸ ಮಾಡದೆ ಸೋಫಾ ಮೇಲೆ ಕುಳಿತ ಗಟ್ಟಿಮುಟ್ಟಾದ ಯುವಕ’ ಈ ಅಂಕಿಗಳಲ್ಲಿ ಬಹಳ ಚಿಕ್ಕ ಪಾಲು.

ಈ ಯೋಜನೆ ಹೇಗೆ ಹುಟ್ಟಿತು?

ರೈತರ ಮಾಲು ಕೊಳೆಯುತ್ತಿದ್ದಾಗ ಹುಟ್ಟಿತು. 1939ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ ಮೊದಲ ಫುಡ್ ಸ್ಟಾಂಪ್ ಹಂಚಲಾಯಿತು. ಬಡವರು ಒಂದು ಡಾಲರ್ ಕೊಟ್ಟು ಕಿತ್ತಳೆ ಬಣ್ಣದ ಚೀಟಿ ಕೊಂಡರೆ, ಜೊತೆಗೆ ಐವತ್ತು ಸೆಂಟ್ ಮೌಲ್ಯದ ನೀಲಿ ಚೀಟಿ ಉಚಿತ. ನೀಲಿ ಚೀಟಿಗೆ ಸರ್ಕಾರ ‘ಹೆಚ್ಚುವರಿ’ ಎಂದು ಘೋಷಿಸಿದ ಪದಾರ್ಥಗಳು ಮಾತ್ರ ಸಿಗುತ್ತಿದ್ದವು. ಯುದ್ಧಕಾಲದಲ್ಲಿ, 1943ರಲ್ಲಿ, ಅದು ನಿಂತಿತು. 1961ರಲ್ಲಿ ಕೆನಡಿ ಪ್ರಾಯೋಗಿಕವಾಗಿ ಮತ್ತೆ ಆರಂಭಿಸಿದರು. 1964ರ ಆಗಸ್ಟ್ 31ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಅದಕ್ಕೆ ಶಾಶ್ವತ ಕಾನೂನಿನ ರೂಪ ಕೊಟ್ಟರು. ಸ್ನ್ಯಾಪ್ ಎಂಬ ಹೆಸರು ಬಂದದ್ದು 2008ರಲ್ಲಿ.

ಇಲ್ಲಿ ನಮ್ಮೂರಿನ ಹಿರಿಯರಿಗೂ ಒಂದು ಸಂಬಂಧವಿದೆ. ಅದೇ ಹೆಚ್ಚುವರಿ ಬೆಳೆಯ ತಲೆನೋವಿನಿಂದಲೇ 1954ರಲ್ಲಿ ಪಿಎಲ್ 480 ಕಾನೂನು ಬಂದು, ಅಮೆರಿಕದ ಗೋಧಿ ಭಾರತದ ಬಂದರುಗಳಿಗೆ ಬಂತು. ಸರ್ಕಾರಿ ಶಾಲೆಯಲ್ಲಿ ಕೇರ್ ಸಂಸ್ಥೆಯ ಉಪ್ಪಿಟ್ಟು ತಿಂದು, ಹಾಲಿನ ಪುಡಿ ಕುಡಿದು ಬೆಳೆದ ತಲೆಮಾರಿಗೆ ಅಮೆರಿಕದ ಕೃಷಿ ನೀತಿಯ ರುಚಿ ನೇರವಾಗಿ ಗೊತ್ತು.

1977ರಲ್ಲಿ ಬಂದ ಬದಲಾವಣೆ ದೊಡ್ಡದು. ಅಲ್ಲಿಯವರೆಗೆ ಚೀಟಿ ಪಡೆಯಲು ಬಡವರೇ ಮೊದಲು ಒಂದಷ್ಟು ಹಣ ಕಟ್ಟಬೇಕಿತ್ತು. ಕಟ್ಟಲು ಕಾಸಿಲ್ಲದ ಕಡುಬಡವರು ಹೊರಗುಳಿಯುತ್ತಿದ್ದರು. ಡೆಮಾಕ್ರಟಿಕ್ ಪಕ್ಷದ ಜಾರ್ಜ್ ಮೆಕ್‌ಗವರ್ನ್ ಮತ್ತು ರಿಪಬ್ಲಿಕನ್ ಪಕ್ಷದ, ಕಾನ್ಸಾಸ್‌ನ ಬಾಬ್ ಡೋಲ್ ಕೈಜೋಡಿಸಿ ಆ ನಿಯಮವನ್ನು ತೆಗೆಸಿದರು. ಕಾನ್ಸಾಸ್ ಹೆಸರನ್ನು ಬೇಕೆಂದೇ ಹೇಳುತ್ತಿದ್ದೇನೆ. ನಲವತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ರಾಜ್ಯ ನೆರವು ಬಿಗಿಗೊಳಿಸುವವರ ಪ್ರಯೋಗಶಾಲೆಯಾಯಿತು.

ಲಾಬಿ ಎಂದರೆ ಲಂಚವೇ?

ಅಲ್ಲ. ಶಾಸಕರನ್ನು ಭೇಟಿಯಾಗಿ, ತಮಗೆ ಬೇಕಾದ ಕಾನೂನಿಗಾಗಿ ಮನವೊಲಿಸುವುದು ಅಮೆರಿಕದಲ್ಲಿ ಸಂವಿಧಾನವೇ ಕೊಟ್ಟ ಹಕ್ಕು. ವೃತ್ತಿಪರ ಲಾಬಿಗಾರರು ನೋಂದಾಯಿಸಿಕೊಂಡು, ಖರ್ಚಿನ ವಿವರ ಸಲ್ಲಿಸಬೇಕು. ನಮ್ಮ ಮನಸ್ಸಿನಲ್ಲಿ ಲಾಬಿ ಎಂದೊಡನೆ ಸೂಟ್‌ಕೇಸ್ ಮೂಡುತ್ತದೆ. ಆ ಚಿತ್ರ ಇಟ್ಟುಕೊಂಡು ನೋಡಿದರೆ ಇಲ್ಲಿ ನಡೆಯುತ್ತಿರುವುದು ಕಣ್ಣಿಗೇ ಬೀಳುವುದಿಲ್ಲ. ಎಲ್ಲವೂ ಕಾನೂನುಬದ್ಧವಾಗಿ, ಹಗಲಿನಲ್ಲಿ, ಸಮಿತಿಯ ಕೊಠಡಿಯಲ್ಲಿ ಧ್ವನಿಮುದ್ರಣದ ಸಮೇತ ನಡೆಯುತ್ತದೆ.

ಹಾಗಾದರೆ ಯಾರು ಈ ಲಾಬಿ ನಡೆಸುತ್ತಿರುವುದು?

ಹಲವರಿದ್ದಾರೆ. ವಾಷಿಂಗ್ಟನ್‌ನ ಹೆರಿಟೇಜ್ ಫೌಂಡೇಶನ್, ಮಾದರಿ ಮಸೂದೆಗಳನ್ನು ಬರೆದು ರಾಜ್ಯ ಶಾಸಕರಿಗೆ ಹಂಚುವ ಅಮೆರಿಕನ್ ಲೆಜಿಸ್ಲೇಟಿವ್ ಎಕ್ಸ್‌ಚೇಂಜ್ ಕೌನ್ಸಿಲ್ ಇವು ಹಳೆಯ ಹೆಸರುಗಳು. ಆದರೆ ಕಳೆದ ಒಂದೂವರೆ ದಶಕದಲ್ಲಿ ಸ್ನ್ಯಾಪ್ ವಿಷಯದಲ್ಲೇ ಬಿಡದೆ ಕೆಲಸ ಮಾಡಿದ್ದು ಫೌಂಡೇಶನ್ ಫಾರ್ ಗವರ್ನಮೆಂಟ್ ಅಕೌಂಟಬಿಲಿಟಿ, ಚಿಕ್ಕದಾಗಿ ಎಫ್‌ಜಿಎ. ಫ್ಲಾರಿಡಾದ ನೇಪಲ್ಸ್ ಎಂಬ ಶ್ರೀಮಂತ ಕಡಲತೀರದ ಊರಿನಲ್ಲಿ ಅದರ ನೆಲೆ. 2011ರಲ್ಲಿ ಅದನ್ನು ಸ್ಥಾಪಿಸಿದವರು ಟ್ಯಾರೆನ್ ಬ್ರ್ಯಾಗ್ಡನ್, ಹಿಂದೆ ಮೇನ್ ರಾಜ್ಯದಲ್ಲಿ ಶಾಸಕರಾಗಿದ್ದವರು.

ಇಂಥ ಸಂಸ್ಥೆಗೆ ಎರಡು ಕೈಗಳಿರುತ್ತವೆ. ಒಂದು ಸಂಶೋಧನಾ ಪ್ರತಿಷ್ಠಾನ, ಅದಕ್ಕೆ ಕೊಟ್ಟ ದೇಣಿಗೆಗೆ ತೆರಿಗೆ ವಿನಾಯಿತಿ ಸಿಗುತ್ತದೆ. ಇನ್ನೊಂದು ಲಾಬಿಗೆಂದೇ ಇರುವ ಜೋಡಿ ಸಂಸ್ಥೆ, ಎಫ್‌ಜಿಎ ವಿಷಯದಲ್ಲಿ ಆಪರ್ಚುನಿಟಿ ಸಲ್ಯೂಶನ್ಸ್ ಪ್ರಾಜೆಕ್ಟ್. ಒಂದು ಕೈ ವರದಿ ಬರೆಯುತ್ತದೆ, ಇನ್ನೊಂದು ಕೈ ಆ ವರದಿಯನ್ನು ಶಾಸಕರ ಮೇಜಿನ ಮೇಲಿಡುತ್ತದೆ. ದಾನಿಗಳ ಹೆಸರನ್ನು ಸಾರ್ವಜನಿಕರಿಗೆ ತಿಳಿಸುವ ಬಾಧ್ಯತೆ ಇಂಥ ಸಂಸ್ಥೆಗಳಿಗಿಲ್ಲ. ಆದರೂ ದಾನ ಕೊಟ್ಟ ಪ್ರತಿಷ್ಠಾನಗಳ ತೆರಿಗೆ ವಿವರಗಳಿಂದ ಕೆಲವು ಹೆಸರು ಹೊರಬಿದ್ದಿವೆ. ಪ್ಯಾಕಿಂಗ್ ಸಾಮಗ್ರಿ ಮಾರುವ ಯೂಲೈನ್ ಕಂಪನಿಯ ರಿಚರ್ಡ್ ಯೂಲೈನ್ ಅವರ ಕುಟುಂಬ ಪ್ರತಿಷ್ಠಾನ ಅವುಗಳಲ್ಲಿ ಮುಖ್ಯವಾದದ್ದು. ಡೋನರ್ಸ್ ಟ್ರಸ್ಟ್ ಎಂಬ ನಿಧಿಯಿಂದಲೂ ಹಣ ಬಂದಿದೆ. ಆ ನಿಧಿಗೆ ಹಣ ಹಾಕಿದವರು ಯಾರೆಂದು ಹೊರಗಿನವರಿಗೆ ಕಾಣುವುದಿಲ್ಲ.

ಇದೇ ಸಂಸ್ಥೆ 2023ರಲ್ಲಿ ಅರ್ಕನ್ಸಾಸ್‌ನಲ್ಲಿ 16 ವರ್ಷದೊಳಗಿನ ಮಕ್ಕಳು ಕೆಲಸಕ್ಕೆ ಸೇರಲು ಬೇಕಿದ್ದ ಸರ್ಕಾರಿ ಅನುಮತಿ ಪತ್ರವನ್ನು ತೆಗೆದುಹಾಕುವ ಕಾನೂನಿನ ಬೆನ್ನಿಗೂ ನಿಂತಿತ್ತು. ಆಹಾರ ನೆರವಿಗೂ ಅದಕ್ಕೂ ನೇರ ಸಂಬಂಧವಿಲ್ಲ ನಿಜ. ಬಡ ಕುಟುಂಬದಿಂದ ಏನನ್ನು ನಿರೀಕ್ಷಿಸುತ್ತಾರೆ ಎಂಬುದು ಮಾತ್ರ ಎರಡರಿಂದಲೂ ತಿಳಿಯುತ್ತದೆ.

ಅದು ಕೆಲಸ ಮಾಡುವ ಬಗೆ ಹೇಗೆ?

ದೇಶದ ರಾಜಧಾನಿಗಿಂತ ಮೊದಲು ರಾಜ್ಯಗಳ ರಾಜಧಾನಿಗಳಲ್ಲಿ. ಅಮೆರಿಕದ ಬಹುತೇಕ ರಾಜ್ಯ ಶಾಸಕರು ಅರೆಕಾಲಿಕರು. ವರ್ಷದಲ್ಲಿ ಕೆಲವು ತಿಂಗಳು ಅಧಿವೇಶನ, ಉಳಿದಂತೆ ಅವರವರ ಹೊಲ, ಅಂಗಡಿ, ವಕೀಲಿಕೆ. ಸಂಬಳ ಕಡಿಮೆ, ಸಹಾಯಕ ಸಿಬ್ಬಂದಿ ಇನ್ನೂ ಕಡಿಮೆ. ಸ್ನ್ಯಾಪ್ ನಿಯಮಾವಳಿಯೋ ತಜ್ಞರೂ ತಡವರಿಸುವಷ್ಟು ಜಟಿಲ. ಅಂಥ ಶಾಸಕನ ಮುಂದೆ ಅಚ್ಚುಕಟ್ಟಾದ ಕರಡು ಮಸೂದೆ, ಒಂದು ಪುಟದ ಟಿಪ್ಪಣಿ, ಜನಾಭಿಪ್ರಾಯ ಸಮೀಕ್ಷೆ, ಸಮಿತಿಯಲ್ಲಿ ಸಾಕ್ಷ್ಯ ನುಡಿಯಲು ವಿಮಾನದಲ್ಲಿ ಬಂದಿಳಿಯುವ ‘ತಜ್ಞ’ ಎಲ್ಲವೂ ಸಿದ್ಧವಾಗಿ ಬಂದರೆ ಆತ ಏಕೆ ಬೇಡ ಎನ್ನುತ್ತಾನೆ? ಎದುರಿಗೆ ಮಾತನಾಡಬೇಕಾದ ಮಹಿಳೆಗೆ ಆ ದಿನ ಅಂಗಡಿಯಲ್ಲಿ ಪಾಳಿ ಇರುತ್ತದೆ, ರಜೆ ಹಾಕಿದರೆ ಕೂಲಿ ಹೋಗುತ್ತದೆ.

2015ರಲ್ಲಿ ಕಾನ್ಸಾಸ್ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ಸಹಿ ಹಾಕಿದ ‘ಹೋಪ್ ಆಕ್ಟ್’ ಹೀಗೆ ಬಂದ ಕಾನೂನುಗಳಲ್ಲಿ ಒಂದು. ಬಡವರಿಗೆ ಕೊಡುವ ನಗದು ನೆರವನ್ನು ವಿಹಾರ ಹಡಗು, ಈಜುಕೊಳ, ಸಿನಿಮಾ ಮಂದಿರಗಳಲ್ಲಿ ಬಳಸಬಾರದು ಎಂದು ಅದರಲ್ಲಿ ಪಟ್ಟಿ ಮಾಡಿದ್ದರು. ಸಮುದ್ರವೇ ಇಲ್ಲದ ಕಾನ್ಸಾಸ್‌ನಲ್ಲಿ ಬಡವರು ವಿಹಾರ ಹಡಗು ಹತ್ತುತ್ತಾರೆ ಎಂಬ ಭಾವನೆಯನ್ನು ಕಾನೂನಿನ ಪಠ್ಯದಲ್ಲೇ ಬರೆದಿಟ್ಟರೆ, ಅದನ್ನು ಓದಿದ ತೆರಿಗೆದಾರನಿಗೆ ಸಿಟ್ಟು ಬರುತ್ತದೆ. ಆ ಸಿಟ್ಟೇ ಮುಂದಿನ ಮಸೂದೆಗೆ ಬಂಡವಾಳ.

2023ರ ಆರಂಭದಲ್ಲಿ ಅಯೋವಾದಲ್ಲಿ ಬಂದ ಮಸೂದೆಯ ಮೊದಲ ರೂಪವು ಸ್ನ್ಯಾಪ್ ಕಾರ್ಡಿನಲ್ಲಿ ಏನು ಕೊಳ್ಳಬಹುದು ಎಂಬುದನ್ನೇ ಗರ್ಭಿಣಿಯರು, ಹಸುಗೂಸುಗಳ ಯೋಜನೆಯ ಕಿರುಪಟ್ಟಿಗೆ ಇಳಿಸಲು ಹೊರಟಿತ್ತು. ಆ ಪಟ್ಟಿಯಲ್ಲಿ ತಾಜಾ ಮಾಂಸವೂ ಇಲ್ಲ. ಮಾಂಸ ಉತ್ಪಾದನೆಯೇ ಜೀವಾಳವಾದ ರಾಜ್ಯದಲ್ಲಿ ಅದು ನಡೆಯಲಿಲ್ಲ, ಪಟ್ಟಿ ಕೈಬಿಟ್ಟರು. ಅಷ್ಟರಲ್ಲಿ ಎಲ್ಲರ ಗಮನ ಮಾಂಸದ ಮೇಲೆ ನೆಟ್ಟಿತ್ತು. ಉಳಿದ ಭಾಗ, ಅಂದರೆ ಕುಟುಂಬದ ಆಸ್ತಿ 15,000 ಡಾಲರ್ ಮೀರಿದರೆ ನೆರವಿಲ್ಲ ಎಂಬ ಮಿತಿ ಮತ್ತು ಹೊಸ ತಪಾಸಣೆಗಳು ಕಾನೂನಾದವು. ಗವರ್ನರ್ ಕಿಮ್ ರೆನಾಲ್ಡ್ಸ್ ಜೂನ್‌ನಲ್ಲಿ ಅಂಕಿತ ಹಾಕಿದರು. ನೆರವಿನ ಹಣವೆಲ್ಲ ಕೇಂದ್ರದ್ದಾಗಿದ್ದರಿಂದ, ಜನರನ್ನು ಕೈಬಿಟ್ಟು ಉಳಿಸಿದ ಡಾಲರ್ ರಾಜ್ಯದ ಖಜಾನೆಗೆ ಬರುತ್ತಿರಲಿಲ್ಲ. ತಪಾಸಣೆಯ ಖರ್ಚಿನಲ್ಲಿ ಮಾತ್ರ ರಾಜ್ಯಕ್ಕೆ ಪಾಲು ಬೀಳುತ್ತಿತ್ತು. ತನ್ನದೇ ಬಡವರಿಗೆ ಬರುತ್ತಿದ್ದ ಕೇಂದ್ರದ ಹಣವನ್ನು ತಡೆಯಲು ಒಂದು ರಾಜ್ಯ ತನ್ನ ಕೈಯಿಂದ ಖರ್ಚು ಮಾಡಿತು. ಇದರಲ್ಲಿ ಉಳಿತಾಯದ ತರ್ಕ ಹುಡುಕಿದರೆ ನನಗಂತೂ ಕಾಣುವುದಿಲ್ಲ.

ಕೋಟ್ಯಧಿಪತಿಗಳೂ ಈ ನೆರವು ಪಡೆಯುತ್ತಾರಂತೆ, ನಿಜವೇ?

ಒಬ್ಬರು ಪಡೆದರು. ಮಿನ್ನೆಸೋಟಾದ ನಿವೃತ್ತರೊಬ್ಬರು, ಆಸ್ತಿ ಬಹಳ, ಮಾಸಿಕ ಆದಾಯ ಕಡಿಮೆ. ನಿಯಮದ ಲೋಪ ತೋರಿಸಬೇಕೆಂದೇ ಅರ್ಜಿ ಹಾಕಿ, ನೆರವು ಪಡೆದು, 2019ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಅದನ್ನು ಹೇಳಿದರು. ಅವರು ತೋರಿಸಿದ ನಿಯಮ ನಿಜವಾಗಿಯೂ ಇದೆ. ನಲವತ್ತಕ್ಕೂ ಹೆಚ್ಚು ರಾಜ್ಯಗಳು ಅದನ್ನು ಬಳಸಿ ಆಸ್ತಿ ಪರೀಕ್ಷೆಯನ್ನು ಸಡಿಲಿಸಿವೆ.

ಸಡಿಲಿಸಿದ್ದಕ್ಕೂ ಕಾರಣವಿದೆ. ಆಸ್ತಿ ಮಿತಿ ಬಿಗಿಯಾಗಿದ್ದರೆ, ಮಕ್ಕಳ ಓದಿಗೋ ಬಾಡಿಗೆಯ ಮುಂಗಡಕ್ಕೋ ನಾಲ್ಕು ಕಾಸು ಕೂಡಿಟ್ಟ ಕುಟುಂಬ ನೆರವು ಕಳೆದುಕೊಳ್ಳುತ್ತದೆ. ಉಳಿತಾಯ ಮಾಡಿದ್ದಕ್ಕೇ ಶಿಕ್ಷೆ. 2019ರಲ್ಲಿ ಟ್ರಂಪ್ ಆಡಳಿತ ಈ ಸಡಿಲಿಕೆ ರದ್ದುಪಡಿಸಲು ಹೊರಟಾಗ, 31 ಲಕ್ಷ ಜನ ನೆರವು ಕಳೆದುಕೊಳ್ಳುತ್ತಾರೆ ಎಂದು ಸರ್ಕಾರದ್ದೇ ಅಂದಾಜು. ಅವರ ಮಕ್ಕಳಿಗೆ ಶಾಲೆಯ ಉಚಿತ ಊಟಕ್ಕೆ ತಾನಾಗಿ ಸಿಗುತ್ತಿದ್ದ ಅರ್ಹತೆಯೂ ಹೋಗುತ್ತಿತ್ತು. ಆ ನಿಯಮ ಅಂತಿಮಗೊಳ್ಳಲಿಲ್ಲ. ಒಬ್ಬ ಸಿರಿವಂತ ಬೇಕೆಂದೇ ನಡೆಸಿದ ಪ್ರಯೋಗವನ್ನು 31 ಲಕ್ಷ ಜನರ ತಟ್ಟೆಗೆ ಅಳತೆಗೋಲಾಗಿ ಹಿಡಿಯುವುದನ್ನು ನಾನು ಒಪ್ಪಲಾರೆ.

ದುಡಿಯಬಲ್ಲವರು ದುಡಿಯಲಿ ಎಂದರೆ ತಪ್ಪೇನು?

ಕೇಳುವಾಗ ಇದಕ್ಕಿಂತ ನ್ಯಾಯವಾದ ಮಾತಿಲ್ಲ. ಕಾಯಕದ ಬಗ್ಗೆ ಗೌರವವಿರುವ ನಾಡಿನವರಾದ ನಮಗೆ ಇನ್ನೂ ಹೆಚ್ಚು ಹಿಡಿಸುತ್ತದೆ. ಆದ್ದರಿಂದಲೇ ಇದಕ್ಕೆ ಉದ್ದನೆಯ ಉತ್ತರ ಬೇಕು.

1996ರಲ್ಲಿ ಬಿಲ್ ಕ್ಲಿಂಟನ್ ಸಹಿ ಹಾಕಿದ ಕಲ್ಯಾಣ ಸುಧಾರಣಾ ಕಾನೂನಿನಲ್ಲೇ ಈ ಷರತ್ತು ಬಂತು. ಮಕ್ಕಳಿಲ್ಲದ, ಅಂಗವೈಕಲ್ಯವಿಲ್ಲದ, 50 ವರ್ಷದೊಳಗಿನ ವಯಸ್ಕರು ತಿಂಗಳಿಗೆ 80 ಗಂಟೆ ದುಡಿದದ್ದನ್ನೋ ತರಬೇತಿ ಪಡೆದದ್ದನ್ನೋ ದಾಖಲೆ ಸಮೇತ ತೋರಿಸಬೇಕು. ಇಲ್ಲವಾದರೆ ಮೂರು ವರ್ಷಗಳಲ್ಲಿ ಮೂರು ತಿಂಗಳು ಮಾತ್ರ ನೆರವು. ನಿರುದ್ಯೋಗ ಹೆಚ್ಚಿರುವ ಪ್ರದೇಶಗಳಿಗೆ ವಿನಾಯಿತಿ ಕೇಳಲು ರಾಜ್ಯಗಳಿಗೆ ಅವಕಾಶವಿತ್ತು. ಲಾಬಿಯ ಮೊದಲ ಗುರಿ ಆ ವಿನಾಯಿತಿಗಳೇ. ಕಾನ್ಸಾಸ್ 2013ರಲ್ಲಿ, ಮೇನ್ 2014ರಲ್ಲಿ ಷರತ್ತನ್ನು ಮತ್ತೆ ಜಾರಿಗೆ ತಂದವು. ಕಾನ್ಸಾಸ್‌ನಲ್ಲಿ ನೆರವಿನಿಂದ ಹೊರಬಿದ್ದವರ ಆದಾಯ ಒಂದೇ ವರ್ಷದಲ್ಲಿ ದುಪ್ಪಟ್ಟಿಗಿಂತ ಹೆಚ್ಚಾಯಿತು ಎಂಬ ವರದಿಯನ್ನು ಎಫ್‌ಜಿಎ 2016ರಲ್ಲಿ ಹೊರತಂದಿತು. ಅದನ್ನು ದೇಶವಿಡೀ ಉಲ್ಲೇಖಿಸಿದರು.

ಆ ಲೆಕ್ಕದ ದೋಷ ಸರಳ. ಜನ ನೆರವಿಗೆ ಬರುವುದೇ ಕೆಲಸ ಹೋದಾಗ, ಆದಾಯ ತಳ ಕಂಡಾಗ. ವರ್ಷದ ನಂತರ ಅವರಲ್ಲಿ ಹಲವರಿಗೆ ಹೇಗೂ ಯಾವುದೋ ಕೆಲಸ ಸಿಕ್ಕಿರುತ್ತದೆ, ಷರತ್ತು ಇದ್ದರೂ ಇಲ್ಲದಿದ್ದರೂ. ಷರತ್ತಿನಿಂದಲೇ ಆದಾಯ ಏರಿತು ಎನ್ನಬೇಕಾದರೆ, ಅಂಥದೇ ಸ್ಥಿತಿಯಲ್ಲಿದ್ದು ಷರತ್ತು ಅನ್ವಯವಾಗದವರ ಜೊತೆ ಹೋಲಿಸಬೇಕು. ವರ್ಜೀನಿಯಾದ ದಾಖಲೆಗಳನ್ನಿಟ್ಟುಕೊಂಡು ಅರ್ಥಶಾಸ್ತ್ರಜ್ಞರ ತಂಡವೊಂದು ಆ ಹೋಲಿಕೆ ಮಾಡಿತು. ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಷರತ್ತಿಗೆ ಒಳಪಟ್ಟವರಲ್ಲಿ ನೆರವು ಪಡೆಯುವವರ ಸಂಖ್ಯೆ ಶೇ 53ರಷ್ಟು ಕುಸಿಯಿತು. ಉದ್ಯೋಗದಲ್ಲಿ ಹೆಚ್ಚಳ ಕಾಣಲಿಲ್ಲ. ಹೊರಬಿದ್ದವರಲ್ಲಿ ಮನೆಯಿಲ್ಲದವರ ಪ್ರಮಾಣ ವಿಶೇಷವಾಗಿ ಹೆಚ್ಚು.

ಹೀಗೇಕೆ? ಕೆಲಸವಿದ್ದವರೂ ಬೀಳುತ್ತಾರೆ. ಹೋಟೆಲು, ಗೋದಾಮುಗಳಲ್ಲಿ ವಾರಕ್ಕೊಂದು ಪಾಳಿಪಟ್ಟಿ. ಒಂದು ತಿಂಗಳು 95 ಗಂಟೆ ಸಿಕ್ಕರೆ ಮುಂದಿನ ತಿಂಗಳು 70. ಗಂಟೆ ಕಡಿಮೆ ಮಾಡಿದ್ದು ಮಾಲೀಕ, ನೆರವು ಹೋಗುವುದು ಕೆಲಸಗಾರನದು. ಜೊತೆಗೆ ಸಂಬಳದ ಚೀಟಿ ಅಪ್‌ಲೋಡ್ ಮಾಡಬೇಕು, ಕಚೇರಿಯ ಫೋನಿನಲ್ಲಿ ಗಂಟೆಗಟ್ಟಲೆ ಕಾಯಬೇಕು, ಹಳೆಯ ವಿಳಾಸಕ್ಕೆ ಹೋದ ಪತ್ರಕ್ಕೆ ಉತ್ತರಿಸಬೇಕು. ಅರ್ಕನ್ಸಾಸ್ 2018ರಲ್ಲಿ ಇದೇ ಬಗೆಯ ಷರತ್ತನ್ನು ಬಡವರ ಆರೋಗ್ಯ ವಿಮೆಗೆ ಹಾಕಿದಾಗ ಕೆಲವೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಜನ ವಿಮೆ ಕಳೆದುಕೊಂಡರು. ಅವರಲ್ಲಿ ಅನೇಕರಿಗೆ ಅಂಥದೊಂದು ನಿಯಮ ಬಂದಿರುವುದೇ ಗೊತ್ತಿರಲಿಲ್ಲ.

‘ಕೆಲಸ ಮಾಡಿ’ ಎಂಬ ಷರತ್ತು ಜಾರಿಯಾಗುವಾಗ ‘ಕಾಗದ ತೋರಿಸಿ’ ಎಂದಾಗುತ್ತದೆ. ಈ ಲಾಬಿಯ ಬಗ್ಗೆ ಒಂದೇ ಒಂದು ಸಂಗತಿ ನೆನಪಿಡುವುದಾದರೆ ಇದನ್ನು ನೆನಪಿಡಿ. ಯಾರೂ ವೇದಿಕೆಯ ಮೇಲೆ ನಿಂತು ‘ಬಡವರಿಗೆ ಊಟ ಬೇಡ’ ಎನ್ನುವುದಿಲ್ಲ. ನಮೂನೆಗೆ ಇನ್ನೊಂದು ಪುಟ, ನವೀಕರಣಕ್ಕೆ ಇನ್ನೊಂದು ಗಡುವು, ತಪಾಸಣೆಗೆ ಇನ್ನೊಂದು ಸುತ್ತು ಸೇರುತ್ತ ಹೋಗುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಮಾಡಲು ಅಷ್ಟು ಸಾಕು.

ವಂಚನೆ ನಡೆಯುತ್ತಿಲ್ಲವೇ?

ನಡೆಯುತ್ತದೆ, ಆದರೆ ಅಂಕಿಗಳನ್ನು ಸರಿಯಾಗಿ ಓದಬೇಕು. ಕಾರ್ಡಿನ ಹಣವನ್ನು ಅಂಗಡಿಯವನಿಗೆ ಕೊಟ್ಟು ನಗದು ಪಡೆಯುವ ಅಕ್ರಮ 2012ರಿಂದ 2014ರ ಅವಧಿಯಲ್ಲಿ ಪ್ರತಿ ಡಾಲರಿಗೆ ಒಂದೂವರೆ ಸೆಂಟಿನಷ್ಟಿತ್ತು ಎಂದು ಈ ಯೋಜನೆ ನಡೆಸುವ ಕೇಂದ್ರದ ಕೃಷಿ ಇಲಾಖೆಯ ಅಧ್ಯಯನ ಹೇಳಿದೆ. ಟಿವಿ ಚರ್ಚೆಗಳಲ್ಲಿ ಎಸೆಯುವ ಶೇ 11ರ ಅಂಕಿ ಬೇರೆಯೇ. ಅದು ‘ಪಾವತಿ ದೋಷ ಪ್ರಮಾಣ’, 2024ರಲ್ಲಿ ಶೇ 10.93. ಗುಮಾಸ್ತರು ಬಾಡಿಗೆಯನ್ನು ತಪ್ಪಾಗಿ ನಮೂದಿಸಿದ್ದು, ಕುಟುಂಬ ಆದಾಯದ ಬದಲಾವಣೆ ತಿಳಿಸಲು ತಡಮಾಡಿದ್ದು, ಕೊಡಬೇಕಾದ್ದಕ್ಕಿಂತ ಕಡಿಮೆ ಕೊಟ್ಟದ್ದು ಎಲ್ಲವೂ ಅದರಲ್ಲಿ ಸೇರಿದೆ.

ದೊಡ್ಡ ಕಳ್ಳತನ ನಡೆಯುತ್ತಿರುವುದು ಬಡವರ ಮೇಲೆಯೇ. ಸ್ನ್ಯಾಪ್ ಕಾರ್ಡುಗಳಲ್ಲಿ ಬಹುಪಾಲು ಚಿಪ್ ಇಲ್ಲದ ಹಳೆಯ ಕಾಂತಪಟ್ಟಿಯವು. ಅಂಗಡಿಯ ಯಂತ್ರಕ್ಕೆ ನಕಲು ಸಾಧನ ಅಂಟಿಸಿ ಮಾಹಿತಿ ಕದ್ದು, ತಿಂಗಳ ಹಣ ಜಮೆಯಾದ ರಾತ್ರಿಯೇ ಖಾಲಿ ಮಾಡುವ ತಂಡಗಳಿವೆ. ಕದ್ದ ಹಣವನ್ನು ಕೇಂದ್ರ ಭರಿಸಿಕೊಡುತ್ತಿದ್ದ ವ್ಯವಸ್ಥೆ 2024ರ ಡಿಸೆಂಬರ್ 20ಕ್ಕೆ ಕೊನೆಗೊಂಡಿತು. ವಂಚನೆ ತಡೆಯಬೇಕೆಂದು ಗಟ್ಟಿಯಾಗಿ ಹೇಳುವವರು ಚಿಪ್ ಕಾರ್ಡಿಗಾಗಿಯೂ ಅಷ್ಟೇ ಹಟದಿಂದ ಲಾಬಿ ಮಾಡಿದ್ದರೆ ಅವರ ಮಾತನ್ನು ನಂಬುವುದು ಸುಲಭವಾಗುತ್ತಿತ್ತು.

ಸಕ್ಕರೆ ಪಾನೀಯ, ಮಿಠಾಯಿಗಳನ್ನು ನಿಷೇಧಿಸುವುದು ಒಳ್ಳೆಯದಲ್ಲವೇ?

ಇಲ್ಲಿ ಒಳ್ಳೆಯವರು ಯಾರು, ಕೆಟ್ಟವರು ಯಾರು ಎಂದು ಗೆರೆ ಎಳೆಯುವುದು ಕಷ್ಟ. 2010ರಲ್ಲಿ ನ್ಯೂಯಾರ್ಕ್ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಸ್ನ್ಯಾಪ್ ಹಣದಲ್ಲಿ ಸಕ್ಕರೆ ಪಾನೀಯ ಕೊಳ್ಳದಂತೆ ಅನುಮತಿ ಕೇಳಿದರು, ಮರುವರ್ಷ ಕೇಂದ್ರ ನಿರಾಕರಿಸಿತು. ಅವರ ಕಾಳಜಿ ಮಧುಮೇಹ. ಪಾನೀಯ ಕಂಪನಿಗಳ ಒಕ್ಕೂಟ ಇಂಥ ನಿಷೇಧಗಳನ್ನು ಜೋರಾಗಿ ವಿರೋಧಿಸುತ್ತ ಬಂದಿದೆ, ಅದರ ಕಾಳಜಿ ಮಾರಾಟ. ಹಸಿವಿನ ವಿರುದ್ಧ ದುಡಿಯುವ ಸಂಘಟನೆಗಳೂ ವಿರೋಧಿಸುತ್ತವೆ, ಅವುಗಳ ಕಾಳಜಿ ಬಡವರ ಘನತೆ. 2025ರಲ್ಲಿ ಕೃಷಿ ಕಾರ್ಯದರ್ಶಿ ಬ್ರೂಕ್ ರೋಲಿನ್ಸ್ ಮೊದಲು ನೆಬ್ರಾಸ್ಕಾಕ್ಕೆ, ನಂತರ ಹತ್ತಕ್ಕೂ ಹೆಚ್ಚು ರಾಜ್ಯಗಳಿಗೆ ಅನುಮತಿ ಕೊಟ್ಟರು. 2026ರ ಜನವರಿಯಿಂದ ಕೆಲವು ಕಡೆ ಜಾರಿಯೂ ಆಯಿತು.

ಸಕ್ಕರೆ ಪಾನೀಯ ಕಡಿಮೆಯಾದರೆ ಆರೋಗ್ಯಕ್ಕೆ ಒಳ್ಳೆಯದೆಂಬುದನ್ನು ಒಪ್ಪುತ್ತೇನೆ. ಆದರೆ ಸರ್ಕಾರವೇ ಪ್ರಕಟಿಸಿದ ಖರೀದಿ ಅಧ್ಯಯನದ ಪ್ರಕಾರ ದಿನಸಿಯ ಪ್ರತಿ 100 ಡಾಲರಿನಲ್ಲಿ ಸ್ನ್ಯಾಪ್ ಕುಟುಂಬಗಳು ತಂಪು ಪಾನೀಯಕ್ಕೆ ಸುಮಾರು 5 ಡಾಲರ್, ಉಳಿದವರು ಸುಮಾರು 4 ಡಾಲರ್ ಖರ್ಚು ಮಾಡುತ್ತಾರೆ. ಚಟ ಇಡೀ ದೇಶದ್ದು. ಹಣ್ಣು ತರಕಾರಿ ಕೊಂಡರೆ ಕಾರ್ಡಿಗೆ ಹೆಚ್ಚುವರಿ ಹಣ ಸೇರಿಸುವ ಯೋಜನೆಗಳು ಹಲವು ರಾಜ್ಯಗಳಲ್ಲಿವೆ, ಜನ ಅವನ್ನು ಇಷ್ಟಪಡುತ್ತಾರೆ. ಆರೋಗ್ಯವೇ ಗುರಿಯಾಗಿದ್ದರೆ ಅವನ್ನು ವಿಸ್ತರಿಸಬಹುದು. 2015ರಲ್ಲಿ ಮಿಸ್ಸೌರಿಯ ಶಾಸಕರೊಬ್ಬರು ಮಂಡಿಸಿದ ಮಸೂದೆ ಬಿಸ್ಕತ್ತು, ಚಿಪ್ಸ್ ಜೊತೆಗೆ ಮೀನು ಮತ್ತು ಸ್ಟೇಕ್ ಮಾಂಸವನ್ನೂ ನಿಷೇಧಿಸಲು ಹೊರಟಿತ್ತು. ಮೀನು ತಿಂದರೆ ಯಾವ ರೋಗ ಬರುತ್ತದೆ? ಬಡವರು ಒಳ್ಳೆಯದನ್ನು ತಿನ್ನುವುದೇ ಕೆಲವರಿಗೆ ಸಹಿಸಲಾಗುವುದಿಲ್ಲ.

2025ರ ಕಾನೂನು ಏನು ಮಾಡಿತು?

ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಬೃಹತ್ ಮಸೂದೆ ಸೆನೆಟ್‌ನಲ್ಲಿ 51–50 ಮತಗಳಿಂದ, ಉಪಾಧ್ಯಕ್ಷರ ನಿರ್ಣಾಯಕ ಮತದಿಂದ ಗೆದ್ದಿತ್ತು. ಹತ್ತು ವರ್ಷಗಳಲ್ಲಿ ಸ್ನ್ಯಾಪ್‌ಗೆ ಸುಮಾರು 18,600 ಕೋಟಿ ಡಾಲರ್ ಕಡಿತವೆಂದು ಸಂಸತ್ತಿನ ಬಜೆಟ್ ಕಚೇರಿಯ ಅಂದಾಜು. ಕೆಲಸದ ಷರತ್ತು 64 ವರ್ಷದವರೆಗೆ ಏರಿತು. 14 ವರ್ಷ ತುಂಬಿದ ಮಕ್ಕಳಿರುವ ಪೋಷಕರಿಗೂ ಅನ್ವಯವಾಯಿತು. 2023ರಲ್ಲಷ್ಟೇ ಮಾಜಿ ಸೈನಿಕರು, ಮನೆಯಿಲ್ಲದವರು, ಸರ್ಕಾರಿ ಪಾಲನೆಯಲ್ಲಿ ಬೆಳೆದು ಹೊರಬಂದ ಯುವಕರಿಗೆ ಕೊಟ್ಟಿದ್ದ ವಿನಾಯಿತಿಯನ್ನು ಕಿತ್ತುಕೊಂಡರು. ನಿರಾಶ್ರಿತರಾಗಿ ಬಂದವರ ಅರ್ಹತೆ ಹೋಯಿತು. ಷರತ್ತಿನ ಬದಲಾವಣೆಯೊಂದರಿಂದಲೇ ಸರಾಸರಿ 24 ಲಕ್ಷ ಜನ ಹೊರಬೀಳುತ್ತಾರೆ.

ಇದಕ್ಕಿಂತ ಆಳವಾದ ಪೆಟ್ಟು ಖರ್ಚಿನ ಹಂಚಿಕೆಯಲ್ಲಿದೆ. ರಾಜ್ಯದ ಪಾವತಿ ದೋಷ ಶೇ 6ರಿಂದ ಮೇಲೆ ಹೋದಂತೆ, ನೆರವಿನ ಹಣದಲ್ಲೇ ಶೇ 5, 10 ಅಥವಾ 15 ಪಾಲನ್ನು ರಾಜ್ಯ ಕಟ್ಟಬೇಕು. ಇನ್ನು ಮುಂದೆ ರಾಜ್ಯದ ಅಧಿಕಾರಿ ಅನುಮಾನ ಬಂದ ಅರ್ಜಿಯನ್ನೆಲ್ಲ ತಡೆಹಿಡಿಯುತ್ತಾನೆ. ತಪ್ಪಾಗಿ ಕೊಟ್ಟರೆ ರಾಜ್ಯಕ್ಕೆ ದಂಡ, ಅರ್ಹನಿಗೆ ಕೊಡದೆ ತಿರಸ್ಕರಿಸಿದರೆ ಆ ಲೆಕ್ಕದಲ್ಲಿ ದಂಡವಿಲ್ಲ. ಅಲಾಸ್ಕಾ ಸೆನೆಟರ್ ಲೀಸಾ ಮರ್ಕೌಸ್ಕಿ ಅವರ ಮತ ಅಗತ್ಯವಿದ್ದಾಗ, ದೋಷ ಪ್ರಮಾಣ ಅತಿ ಹೆಚ್ಚಿರುವ ರಾಜ್ಯಗಳಿಗೆ ಎರಡು ವರ್ಷದವರೆಗೆ ರಿಯಾಯಿತಿ ಎಂದು ಸೇರಿಸಿದರು. ದೇಶದಲ್ಲೇ ಹೆಚ್ಚು ತಪ್ಪು ಮಾಡುವ ರಾಜ್ಯಗಳಿಗೆ ಸಮಯ ಸಿಕ್ಕಿತು, ಸ್ವಲ್ಪ ತಪ್ಪು ಮಾಡುವವು ಮೊದಲು ಕಟ್ಟಬೇಕು.

ಬಡವರ ಪರವಾಗಿಯೂ ಲಾಬಿ ಇದೆಯಲ್ಲವೇ?

ಇದೆ. 1970ರಿಂದ ಫುಡ್ ರಿಸರ್ಚ್ ಅಂಡ್ ಆ್ಯಕ್ಷನ್ ಸೆಂಟರ್ ಇದೆ. ಫೀಡಿಂಗ್ ಅಮೆರಿಕ ಇದೆ. ಚರ್ಚುಗಳಿವೆ. ಸ್ನ್ಯಾಪ್ ಹಣ ಕೊನೆಗೆ ಸೇರುವುದು ಅಂಗಡಿಗಳಿಗೇ ಆದ್ದರಿಂದ ದಿನಸಿ ವ್ಯಾಪಾರಿಗಳ ಸಂಘಗಳೂ ಕೆಲವೊಮ್ಮೆ ಜೊತೆ ನಿಲ್ಲುತ್ತವೆ. 1973ರಿಂದ ಸ್ನ್ಯಾಪ್ ಕೃಷಿ ಮಸೂದೆಯ ಭಾಗವಾಗಿ ಬಂದದ್ದೂ ರಕ್ಷಣೆಯಾಗಿತ್ತು. ನಗರದ ಸದಸ್ಯರು ರೈತರ ಸಬ್ಸಿಡಿಗೆ, ಹಳ್ಳಿಯ ಸದಸ್ಯರು ಆಹಾರ ನೆರವಿಗೆ ಮತ ಹಾಕುತ್ತಿದ್ದರು. ಆ ಕೊಡುಕೊಳ್ಳುವಿಕೆಯೇ ಈಗ ಸಡಿಲವಾಗಿದೆ. ನ್ಯಾಯಾಲಯಗಳಲ್ಲಿ ಗೆದ್ದದ್ದೂ ಉಂಟು. ಕೆಲಸದ ಷರತ್ತಿನ ವಿನಾಯಿತಿಗಳನ್ನು ಮೊಟಕುಗೊಳಿಸಲು 2019ರ ಕೊನೆಯಲ್ಲಿ ತಂದ, 6.88 ಲಕ್ಷ ಜನರನ್ನು ಹೊರಹಾಕುವ ಅಂದಾಜಿದ್ದ ನಿಯಮವನ್ನು 2020ರ ಅಕ್ಟೋಬರ್‌ನಲ್ಲಿ ನ್ಯಾಯಾಧೀಶೆ ಬೆರಿಲ್ ಹೋವೆಲ್ ರದ್ದುಗೊಳಿಸಿದರು. ಐದು ವರ್ಷದೊಳಗೆ ಅದಕ್ಕಿಂತ ಕಠಿಣವಾದದ್ದು ಸಂಸತ್ತಿನ ಮೂಲಕವೇ ಬಂತು.

ದಾನ, ದಾಸೋಹಗಳು ಈ ಜಾಗ ತುಂಬಲಾರವೇ?

ಆಹಾರ ಬ್ಯಾಂಕುಗಳೇ ಇದಕ್ಕೆ ಉತ್ತರ ಕೊಟ್ಟಿವೆ: ತಾವು ಒದಗಿಸುವ ಒಂದು ಊಟಕ್ಕೆ ಸ್ನ್ಯಾಪ್ ಒಂಬತ್ತು ಊಟ ಒದಗಿಸುತ್ತದೆ ಎಂದು ಫೀಡಿಂಗ್ ಅಮೆರಿಕ ಹೇಳುತ್ತದೆ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರದ ಕೆಲಸ ಸ್ಥಗಿತಗೊಂಡು ನವೆಂಬರ್‌ನಲ್ಲಿ ಸ್ನ್ಯಾಪ್ ಹಣ ಅಡ್ಡಾದಿಡ್ಡಿಯಾದಾಗ, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆಹಾರ ಬ್ಯಾಂಕುಗಳ ಮುಂದೆ ಕಾರುಗಳ ಸಾಲು ಬೆಳೆಯಿತು. ಸ್ವಯಂಸೇವಕರಿಗೆ ಮನಸ್ಸಿತ್ತು, ದಾಸ್ತಾನು ಇರಲಿಲ್ಲ.

ಅಲ್ಲಿರುವ ಕನ್ನಡಿಗರಿಗೆ ಇದರಿಂದ ಏನಾಗುತ್ತದೆ?

ಎಚ್‌-1ಬಿ ವೀಸಾದವರು, ವಿದ್ಯಾರ್ಥಿ ವೀಸಾದವರು ಸ್ನ್ಯಾಪ್‌ಗೆ ಅರ್ಹರಲ್ಲ. ಗ್ರೀನ್ ಕಾರ್ಡ್ ಪಡೆದ ವಯಸ್ಕರು ಸಾಮಾನ್ಯವಾಗಿ ಐದು ವರ್ಷ ಕಾಯಬೇಕು, ಮಕ್ಕಳಿಗೆ ಆ ಕಾಯುವಿಕೆ ಇಲ್ಲ. ಅಲ್ಲೇ ಹುಟ್ಟಿ ಪೌರತ್ವ ಪಡೆದ ಮಗು, ತಂದೆತಾಯಿಗೆ ಅರ್ಹತೆ ಇಲ್ಲದಿದ್ದರೂ, ಕುಟುಂಬದ ಆದಾಯ ಕಡಿಮೆಯಿದ್ದರೆ ನೆರವು ಪಡೆಯಬಹುದು. ಕೆಲಸ ಹೋದ ಎಷ್ಟೋ ಕುಟುಂಬಗಳು ಗ್ರೀನ್ ಕಾರ್ಡಿಗೆ ತೊಂದರೆಯಾಗುತ್ತದೆಂಬ ಭಯದಿಂದ ಕೇಳುವುದೇ ಇಲ್ಲ. 2020ರಲ್ಲಿ ಸ್ವಲ್ಪ ಕಾಲ ಸ್ನ್ಯಾಪ್ ಪಡೆದದ್ದನ್ನು ವಲಸೆ ಅರ್ಜಿಯಲ್ಲಿ ಪರಿಗಣಿಸುವ ನಿಯಮವಿತ್ತು, 2021ರಲ್ಲಿ ಅದು ಹೋಯಿತು, ಭಯ ಉಳಿಯಿತು. ವಲಸೆ ನಿಯಮಗಳು ಬೇಗ ಬದಲಾಗುತ್ತವೆ. ಅರ್ಜಿ ಹಾಕುವ ಮುನ್ನ ವಲಸೆ ವಕೀಲರನ್ನೋ ಉಚಿತ ಕಾನೂನು ನೆರವು ಕೇಂದ್ರವನ್ನೋ ಕೇಳಿ.

ಮತದಾನದ ಹಕ್ಕಿಲ್ಲದವರೂ ರಾಜ್ಯ ಶಾಸನಸಭೆಯ ಸಮಿತಿಗೆ ಲಿಖಿತ ಅಭಿಪ್ರಾಯ ಕಳುಹಿಸಬಹುದು. ಹಲವು ರಾಜ್ಯಗಳಲ್ಲಿ ಅದಕ್ಕೆ ಜಾಲತಾಣದಲ್ಲೇ ನಮೂನೆ ಇರುತ್ತದೆ. ವಿಚಾರಣೆಯ ದಿನಾಂಕ ಬಹಳ ಬಾರಿ ಕೆಲವೇ ದಿನ ಮೊದಲು ಪ್ರಕಟವಾಗುತ್ತದೆ, ಆದ್ದರಿಂದ ಅಧಿವೇಶನದ ತಿಂಗಳುಗಳಲ್ಲಿ ವಾರಕ್ಕೊಮ್ಮೆಯಾದರೂ ನೋಡುತ್ತಿರಬೇಕು.

ಮುಂದೆ ಯಾವುದನ್ನು ಗಮನಿಸಬೇಕು?

ಎರಡು ದಿನಾಂಕಗಳನ್ನು. 2026ರ ಅಕ್ಟೋಬರ್‌ನಿಂದ ಆಡಳಿತ ವೆಚ್ಚದಲ್ಲಿ ರಾಜ್ಯಗಳ ಪಾಲು ಅರ್ಧದಿಂದ ಮುಕ್ಕಾಲಿಗೆ ಏರುತ್ತದೆ. ಅಂದರೆ ದೋಷ ಕಡಿಮೆ ಮಾಡಲು ಗುಮಾಸ್ತರು ಹೆಚ್ಚು ಬೇಕಾದ ಹೊತ್ತಿಗೇ ಅವರ ಸಂಬಳದ ಹೊರೆ ರಾಜ್ಯದ ಮೇಲೆ ಬೀಳುತ್ತದೆ. 2027ರ ಅಕ್ಟೋಬರ್‌ನಿಂದ ನೆರವಿನ ಹಣದಲ್ಲೇ ಪಾಲು ಕಟ್ಟುವ ನಿಯಮ ಶುರುವಾಗುತ್ತದೆ. ಆಗ ರಾಜ್ಯಗಳು ತೆರಿಗೆ ಏರಿಸುತ್ತವೆಯೋ, ಶಾಲೆ, ರಸ್ತೆಯ ಹಣ ಕಡಿಯುತ್ತವೆಯೋ, ಅರ್ಜಿದಾರರನ್ನು ಕಡಿಮೆ ಮಾಡುತ್ತವೆಯೋ, ಯೋಜನೆಯಿಂದಲೇ ಹೊರನಡೆಯುತ್ತವೆಯೋ ಎಂಬುದು ಐವತ್ತು ರಾಜಧಾನಿಗಳಲ್ಲಿ ಬೇರೆ ಬೇರೆಯಾಗಿ ತೀರ್ಮಾನವಾಗುತ್ತದೆ. ಲಾಬಿಗಾರರಿಗೆ ಆ ಸಮಿತಿ ಕೊಠಡಿಗಳ ದಾರಿ ಚೆನ್ನಾಗಿ ಗೊತ್ತಿದೆ. ಹಾಗಾಗಿ ಪ್ರತಿ ರಾಜ್ಯದ ಬಜೆಟ್ ಅಧಿವೇಶನದಲ್ಲಿ ‘ಅರ್ಹತಾ ಪರಿಶೀಲನೆ’, ‘ಕಾರ್ಯಕ್ರಮದ ಪ್ರಾಮಾಣಿಕತೆ’ ಎಂಬ ಶೀರ್ಷಿಕೆಯಡಿ ಬರುವ ಮಸೂದೆಗಳನ್ನು ತೆರೆದು ಓದಬೇಕು, ಅವುಗಳ ಪರವಾಗಿ ಸಾಕ್ಷ್ಯ ಹೇಳಿದವರು ಯಾವ ಊರಿನಿಂದ ಬಂದವರು, ಅವರ ಖರ್ಚು ಯಾರದು ಎಂದು ಸಮಿತಿಯ ಸದಸ್ಯರನ್ನೇ ಕೇಳಬೇಕು.